ತೊಗರಿ ಗಂಜಿನಿಂದ ದಾಭೋಳದ ಧಕ್ಕೆಗೆ

ನಮ್ಮ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳಿನ ಸಗಟು ಪೇಟೆಯಲ್ಲಿ, 'ಹಡಗು ಬಂತಂತ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತೊಗರಿ ಹಿಡಿದಿಟ್ಟವರ ಮುಖ ಸಪ್ಪಗಾಗುತ್ತದೆ. ಮೊಜಾಂಬಿಕ್, ಮಲಾವಿ, ತಾಂಜಾನಿಯಾ, ಬರ್ಮಾ ತೊಗರಿ ಬಂದರಿಗೆ ಇಳಿಯಿತು ಅಂದರೆ ಇಲ್ಲಿ ಕ್ವಿಂಟಲ್ ರೇಟು ಅಲುಗಾಡುತ್ತದೆ. 2016ರಲ್ಲಿ ಸರ್ಕಾರ ಮೊಜಾಂಬಿಕ್ ಜೊತೆ ಬೇಳೆಕಾಳಿನ ಒಪ್ಪಂದವನ್ನೇ ಮಾಡಿಕೊಂಡಿತು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು, ಖುಷಿಯೇ. ಆದರೆ ಟ್ಯಾಗ್ ನೋಡಿ ಯಾರೂ ಜಾಸ್ತಿ ಕೊಡೋದಿಲ್ಲ, ಬಂದರಿನ ಸುದ್ದಿ ಕೇಳಿ ಕಮ್ಮಿ ಕೊಡೋರು ಬೇಕಾದಷ್ಟು ಮಂದಿ.

ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಕೂತ ನನಗೆ ಬಂದರು ಅಂದರೆ ಫೋನಿನಲ್ಲಿ ಬರುವ ಒಂದು ಸುದ್ದಿ, ಅಷ್ಟೇ. ಅದನ್ನು ಕಣ್ಣಾರೆ ನೋಡಬೇಕು ಅನ್ನೋ ಹುಚ್ಚು ಹಿಡಿಸಿದವನು ಒಬ್ಬ ರಷ್ಯಾದ ವ್ಯಾಪಾರಿ. ಅಫನಾಸಿ ನಿಕಿಟಿನ್ ಅಂತ ಹೆಸರು, ತ್ವೆರ್ ಊರಿನವನು. 1470ರ ಆಸುಪಾಸು ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಹಡಗು ಹತ್ತಿ ಕೊಂಕಣದ ಚೌಲ್ ಬಂದರಿಗೆ ಇಳಿದು, ಘಟ್ಟ ಹತ್ತಿ ಬೀದರಿಗೆ ಬಂದ. ಕಂಡದ್ದನ್ನೆಲ್ಲ ಬರೆದಿಟ್ಟ. ಓದುತ್ತಾ ಹೋದರೆ ಗಂಜಿನ ಯಾವನೋ ಗೆಳೆಯ ಎದುರು ಕೂತು ಗೊಣಗಿದಂತೆ ಕೇಳುತ್ತದೆ. ಇಲ್ಲಿ ನಮ್ಮ ದೇಶಕ್ಕೆ ಬೇಕಾದ ಮಾಲು ಸಿಗುತ್ತೆ ಅಂತ ಹೇಳಿ ನನಗೆ ಮೋಸ ಮಾಡಿದರು. ಮೆಣಸು, ಬಣ್ಣ ಅಗ್ಗ ಇವೆ, ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರ ಕಾಟ ಬೇರೆ. ಇದು ಅವನ ಅಳಲು.

ಮುಂಬೈಯಿಂದ ಗೋವಾಕ್ಕೆ ಹೋಗುವ ಪ್ರವಾಸಿ ಹಡಗಿನ ವಿಚಾರ ಮೊದಲು ತೆಗೆದೆವು. ಈಜುಕೊಳ, ಊಟ, ಹಾಡು ಎಲ್ಲ ಇದೆಯಂತೆ. ಆದರೆ ನಾನು ನೋಡಬೇಕೆಂದ ಊರುಗಳನ್ನೆಲ್ಲ ಅದು ರಾತ್ರಿ ಕತ್ತಲಲ್ಲೇ ದಾಟಿಬಿಡುತ್ತದೆ. ಬಂದರಿಗೆ ಇಳಿಸದ ಹಡಗು ನನಗ್ಯಾಕೆ? ನಮ್ಮ ಕಾರನ್ನೇ ತೆಗೆದುಕೊಂಡು, ಕೊಂಕಣದ ಸಣ್ಣ ಸಣ್ಣ ಫೆರಿಗಳಲ್ಲಿ ಒಂದೊಂದೇ ಖಾಡಿ (ಸಮುದ್ರದ ಹಿನ್ನೀರು) ದಾಟುತ್ತಾ ಹೋಗೋಣ ಅಂದೆ. ಮನೆಯಾಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ತಮ್ಮನ ಮಗ ಗಾಡಿ ಓಡಿಸಲು ಒಪ್ಪಿದ.

ಮುಂಬೈಯ ಭಾವುಚಾ ಧಕ್ಕಾದಲ್ಲಿ ಕಾರು ಸಮೇತ ರೋ-ರೋ ಹಡಗಿನ ಹೊಟ್ಟೆಯೊಳಗೆ ಹೋದೆವು. ಮಾಂಡ್ವಾ ಮುಟ್ಟಲು ಸುಮಾರು ಒಂದು ಗಂಟೆ. ದೂರದಲ್ಲಿ ನ್ಹಾವಾ ಶೇವಾ ಬಂದರಿನ ಕ್ರೇನುಗಳು ಕಾಣುತ್ತವೆ. 1989ರಲ್ಲಿ ಶುರುವಾದ ಬಂದರು, ಈಗ ದೇಶದ ಕಂಟೇನರ್ ವಹಿವಾಟಿನಲ್ಲಿ ದೊಡ್ಡ ಪಾಲು ಅದರದ್ದೇ. ನಾನು ಕಟಕಟೆ ಹಿಡಿದು ಅದನ್ನೇ ನೋಡುತ್ತಾ ನಿಂತೆ. 'ರೀ, ಸಮುದ್ರ ನೋಡ್ಲಾಕ ಬಂದೀರೇನು, ಗೋದಾಮು ನೋಡ್ಲಾಕ ಬಂದೀರಿ?' ಅಂದಳು ಮನೆಯಾಕೆ. ಎರಡಕ್ಕೂ ಅಂದೆ.

ಚೌಲ್ ಈಗ ತೆಂಗು, ಅಡಿಕೆ ತೋಟದ ಊರು. ಗ್ರೀಕ್ ನಾವಿಕರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟ ಬಂದರು ಅಂತ ನಂಬೋದು ಕಷ್ಟ. ನಮ್ಮ ಫಿರೋಜ್ ಶಾಹ ಬಹಮನಿ, ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಮಲಗಿದ್ದಾನಲ್ಲ, ಅವನು ಚೌಲ್‌ನಿಂದ, ಗೋವಾದಿಂದ ಪ್ರತಿ ವರ್ಷ ಹಡಗು ಕಳಿಸುತ್ತಿದ್ದನಂತೆ. ದೇಶದೇಶದ ಮಾಲು ತರೋದಕ್ಕೆ ಮಾತ್ರ ಅಲ್ಲ, ಓದಿದ ಮಂದಿಯನ್ನು ಕರೆತರೋದಕ್ಕೂ. ಹೀಗಂತ ಬರೆದವನು ಇತಿಹಾಸಕಾರ ಫರಿಷ್ತಾ. ಭೀಮಾ ದಂಡೆಯ ಫಿರೋಜಾಬಾದಿನ ಪಾಳು ಗೋಡೆ ನೋಡಿದವರಿಗೆ ಈ ಮಾತು ಹೊಸ ಥರ ಕೇಳುತ್ತದೆ. ಹೊಳೆಯಲ್ಲಿ ಬೇಸಿಗೆಗೆ ನೀರಿಲ್ಲದ ಊರಿನ ಸುಲ್ತಾನ ಸಮುದ್ರದ ಮೇಲೆ ಲೆಕ್ಕ ಇಟ್ಟಿದ್ದ.

ಪಕ್ಕದ ರೇವ್‌ದಂಡಾದಲ್ಲಿ ಪೋರ್ಚುಗೀಸರ ಕೋಟೆ. ರಸ್ತೆ ಕೋಟೆ ಬಾಗಿಲ ಮೂಲಕವೇ ಹಾದು ಹೋಗುತ್ತದೆ. ಮನೆಗಳೂ ತೋಟಗಳೂ ಗೋಡೆಯ ಒಳಗೇ ಇವೆ. 1740ರಲ್ಲಿ ಮರಾಠರಿಗೆ ಬಿಟ್ಟುಕೊಟ್ಟು ಹೋದರು ಅವರು. ಖಾಡಿಯ ಆಚೆ ದಂಡೆಯ ಕೊರ್ಲಾಯಿಯಲ್ಲಿ ಪೋರ್ಚುಗೀಸ್ ಬೆರೆತ ಒಂದು ಮಾತು ಇವತ್ತಿಗೂ ಕೆಲವರ ಮನೆಮಾತು. ನನಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. ರೇವ್‌ದಂಡಾದ ಒಂದು ಶಾಲೆಯ ಆವರಣದಲ್ಲಿ ನಿಕಿಟಿನ್‌ನ ನೆನಪಿಗೆ ಒಂದು ಸ್ತಂಭ ನಿಲ್ಲಿಸಿದ್ದಾರೆ. ಅದರ ಮುಂದೆ ನಿಂತು ನಮ್ಮ ಹುಡುಗನಿಗೆ ಅವನ ಕಥೆ ಹೇಳಿದೆ.

ಆ ಪುಣ್ಯಾತ್ಮ ಮಾರಲು ತಂದಿದ್ದು ಒಂದೇ ಕುದುರೆ. ತನಗೆ ನೂರು ರೂಬಲ್ ಬಿತ್ತು ಅಂತ ಲೆಕ್ಕ ಬರೆದಿದ್ದಾನೆ. ದಖ್ಖನ್ನಿನಲ್ಲಿ ಒಳ್ಳೆ ತಳಿಯ ಕುದುರೆ ಬೆಳೆಯೋದಿಲ್ಲ. ಬಹಮನಿಗಳಿಗೂ ವಿಜಯನಗರದವರಿಗೂ ಅರಬ್, ಇರಾನಿನಿಂದ ಬಂದ ಕುದುರೆಯೇ ಬೇಕು. ಬಂದರು ಯಾರ ಕೈಲಿದೆಯೋ ದಂಡಿನ ಬಲ ಅವರದ್ದು. ನಿಕಿಟಿನ್ ಘಟ್ಟ ಹತ್ತಿ ಜುನ್ನರಿಗೆ ಬಂದರೆ ಅಲ್ಲಿನ ಖಾನ ಕುದುರೆ ಕಿತ್ತುಕೊಂಡ. ನಮ್ಮ ಧರ್ಮಕ್ಕೆ ಬಾ, ಕುದುರೆಯೂ ಸಿಗುತ್ತೆ, ಸಾವಿರ ಚಿನ್ನದ ನಾಣ್ಯವೂ ಸಿಗುತ್ತೆ ಅಂದ. ಖುರಾಸಾನಿನ ಒಬ್ಬ ಹಿರಿಯ ನಡುವೆ ಬಂದು ಮಾತಾಡಿ ಬಿಡಿಸಿದ. ಮಳೆಗಾಲ ಅಲ್ಲೇ ಕಳೆಯಬೇಕಾಯಿತು. ಅಷ್ಟೂ ತಿಂಗಳು ಕುದುರೆಯ ಮೇವಿನ ಖರ್ಚು! ಮಾಲು ಗೋದಾಮಿನಲ್ಲಿ ಕೂತರೆ ಬಾಡಿಗೆ ತಿನ್ನುತ್ತೆ, ಇವನ ಮಾಲು ಕಾಳನ್ನೇ ತಿನ್ನುತ್ತಿತ್ತು. ಏನು ತಿನ್ನಿಸುತ್ತಿದ್ದರು ಅನ್ನೋದನ್ನೂ ಬರೆದಿದ್ದಾನೆ: ಕಡಲೆ, ಜೊತೆಗೆ ಸಕ್ಕರೆ ಹಾಕಿ ಬೇಯಿಸಿದ ಖಿಚಡಿ. 'ಕಾಕಾ, ನಮಗಿಂತ ಛಲೋ ಉಣ್ತಿದ್ವು' ಅಂದ ಹುಡುಗ.

ಮುರುಡ್ ಜಂಜಿರಾಕ್ಕೆ ರಾಜಪುರಿಯಿಂದ ಹಾಯಿ ದೋಣಿ. ಹತ್ತಿರ ಬರುವ ತನಕ ಕೋಟೆಯ ಬಾಗಿಲು ಎಲ್ಲಿದೆ ಅಂತಲೇ ತಿಳಿಯೋದಿಲ್ಲ. ಸುತ್ತ ಉಪ್ಪು ನೀರು, ಒಳಗೆ ಸಿಹಿ ನೀರಿನ ಕೆರೆ. ಆಫ್ರಿಕಾ ಮೂಲದ ಸಿದ್ದಿಗಳು ಇದನ್ನು ಆಳಿದರು. ಮರಾಠರು ಎಷ್ಟು ಸಲ ಮುತ್ತಿದರೂ ಕೈಗೆ ಸಿಗಲಿಲ್ಲ. ಅಂದು ಆಫ್ರಿಕಾದಿಂದ ಜನ ಬಂದರು, ಇಂದು ತೊಗರಿ ಬರುತ್ತಿದೆ. ದಾರಿ ಅದೇ ಅರಬ್ಬಿ ಸಮುದ್ರ. ಅಲ್ಲಿ ಗೈಡುಗಳು ಬಿಡುವ ಕಥೆಗಳಲ್ಲಿ ಅರ್ಧ ಸುಮ್ನೆ ಕೇಳಿ ಬಿಡಬೇಕು, ಅಷ್ಟೇ.

ಆಗರ್‌ದಂಡಾದಿಂದ ದಿಘಿಗೆ, ಬಾಗ್‌ಮಾಂಡ್ಲಾದಿಂದ ವೇಶ್ವಿಗೆ ಮತ್ತೆ ಫೆರಿ. ಅಲ್ಲಿನವರು ಇದಕ್ಕೆ ಜಂಗಲ್ ಜೆಟ್ಟಿ ಎನ್ನುತ್ತಾರೆ. ಬಸ್ಸು, ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು ಎಲ್ಲ ಒಟ್ಟಿಗೆ. ಪ್ರವಾಸಿ ಹಡಗಿನಲ್ಲಿ ಈ ಜನ ಸಿಗುತ್ತಿರಲಿಲ್ಲ.

ದಾಭೋಳ ನೋಡಲೆಂದೇ ಇಷ್ಟು ದೂರ ಬಂದಿದ್ದೆ. ವಾಸಿಷ್ಠಿ ನದಿ ಸಮುದ್ರ ಸೇರುವ ಜಾಗ. ಗುಡ್ಡಕ್ಕೂ ನೀರಿಗೂ ನಡುವೆ ಊರು ಇಕ್ಕಟ್ಟಾಗಿ ಕೂತಿದೆ. 1453ರಲ್ಲಿ ಇರಾನಿನ ಗಿಲಾನ್ ಕಡೆಯಿಂದ ಮಹಮೂದ್ ಗವಾನ್ ಎಂಬ ವ್ಯಾಪಾರಿ ಇಳಿದದ್ದು ಇದೇ ದಂಡೆಗೆ. ಬೀದರಿಗೆ ಹೋದವನು ಅಲ್ಲೇ ಉಳಿದ, ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಗೋವಾ ಬಂದರನ್ನು ವಿಜಯನಗರದಿಂದ ಕಿತ್ತುಕೊಂಡ. ಅದೇ ವರ್ಷ ಅವನು ಕಟ್ಟಿಸಿದ ಬೀದರಿನ ಮದರಸಾ ಮುಗಿಯಿತು. ಮದರಸಾ ನೋಡಿದವರೆಲ್ಲ ನೀಲಿ ಹೆಂಚಿನ ಮಾತಾಡುತ್ತಾರೆ. ನನಗೆ ಗೋವಾದ್ದೇ ದೊಡ್ಡ ಕೆಲಸ ಅನ್ನಿಸುತ್ತದೆ. ಶತ್ರುವಿಗೆ ಕುದುರೆ ಬರುವ ಬಾಗಿಲನ್ನೇ ಮುಚ್ಚಿದ, ಅಲ್ವಾ? ವ್ಯಾಪಾರಿ ತಲೆ ಅದು. ಪ್ರಧಾನಿಯಾದ ಮೇಲೂ ತನ್ನ ಊಟದ ಖರ್ಚನ್ನು ಸ್ವಂತ ವ್ಯಾಪಾರದ ದುಡ್ಡಿನಲ್ಲೇ ನಡೆಸುತ್ತಿದ್ದನಂತೆ. ಕೊನೆಗೆ 1481ರಲ್ಲಿ, ಆಗದವರು ಅವನ ಮೊಹರು ಒತ್ತಿಸಿ ಒಂದು ಸುಳ್ಳು ಪತ್ರ ಬರೆದರು. ಕುಡಿದ ಸುಲ್ತಾನ ಅದನ್ನು ನಂಬಿ ತಲೆ ತೆಗೆಸಿದ. ಖಾಲಿ ಕಾಗದಕ್ಕೆ ಮೊಹರು ಹಾಕಿ ಕೊಡಬಾರದು ಅಂತ ನಮ್ಮ ಗಂಜಿನಲ್ಲಿ ಹೊಸ ಗುಮಾಸ್ತನಿಗೂ ಮೊದಲ ದಿನವೇ ಹೇಳುತ್ತಾರೆ.

ಧಕ್ಕೆಯ ಹತ್ತಿರ ಬಿಜಾಪುರ ಆದಿಲಶಾಹಿಗಳ ಕಾಲದ ಕಲ್ಲಿನ ಮಸೀದಿ ಇದೆ. ಹಜ್‌ಗೆ ಹೊರಟ ಬಿಜಾಪುರದ ರಾಜಮನೆತನದ ಹೆಣ್ಣುಮಗಳೊಬ್ಬಳು ಮುಂದೆ ಹೋಗಲಾಗದೆ, ಆ ಹಣದಲ್ಲೇ ಇದನ್ನು ಕಟ್ಟಿಸಿದಳು ಅಂತ ಊರವರ ಮಾತು. ಗುಮ್ಮಟ, ಕಮಾನು ನೋಡಿ ಮನೆಯಾಕೆ 'ಇದು ನಮ್ಮ ಕಡಿದೇ ಐತಿ' ಅಂದಳು. ಈ ಊರನ್ನು 1508ರ ಕೊನೆಗೆ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡಾ ಸುಟ್ಟು ಹಾಕಿದ, ಚೌಲ್ ಯುದ್ಧದಲ್ಲಿ ಸತ್ತ ಮಗನ ಸೇಡಿಗೆ. ನಿಕಿಟಿನ್ ವಾಪಸು ಹೊರಟದ್ದೂ ದಾಭೋಳದಿಂದಲೇ. ಹಡಗು ದಾರಿ ತಪ್ಪಿ ಇಥಿಯೋಪಿಯಾದ ದಂಡೆ ಕಂಡಿತಂತೆ. ಊರು ಮಾತ್ರ ಸೇರಲಿಲ್ಲ, ಸ್ಮೋಲೆನ್ಸ್ಕ್ ಹತ್ತಿರ ದಾರಿಯಲ್ಲೇ ತೀರಿಹೋದ.

ಫೆರಿಯಲ್ಲಿ ಧೋಪಾವೆಗೆ ದಾಟಿ, ಚಿಪಳೂಣದ ಮೇಲೆ ಕುಂಭಾರ್ಲಿ ಘಟ್ಟ ಹತ್ತಿದೆವು. ಹೋಗಬೇಕೆನ್ನುವವರು ಮಳೆಗಾಲ ಬಿಟ್ಟು ಹೋಗಿ, ಜಂಜಿರಾ ದೋಣಿ ಆಗ ನಿಂತಿರುತ್ತವೆ.

ಸೊಲ್ಲಾಪುರ, ಅಕ್ಕಲಕೋಟೆ ದಾಟಿ ಆಳಂದದಲ್ಲಿ ಚಹಾಕ್ಕೆ ನಿಂತೆವು. ನಿಕಿಟಿನ್ ಶೇಖ್ ಅಲಾವುದ್ದೀನರ ಹೆಸರಿನ ಒಂದು ಜಾತ್ರೆಯ ಬಗ್ಗೆ ಬರೆದಿದ್ದಾನೆ. ಅದು ನಮ್ಮ ಆಳಂದವೇ ಅಂತ ತಿಳಿದವರು ಹೇಳುತ್ತಾರೆ. ಹತ್ತು ದಿನದ ವ್ಯಾಪಾರ, ಇಪ್ಪತ್ತು ಸಾವಿರ ಕುದುರೆ. ನಾನು ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಕುದುರೆಗೆ ದಿನಕ್ಕೆ ಮೂರು ಕಿಲೋ ಕಡಲೆ ಹಿಡಿದರೂ ದಿನಕ್ಕೆ 600 ಕ್ವಿಂಟಲ್, ಹತ್ತು ದಿನಕ್ಕೆ 6,000. ಆ ವರ್ಷ ಕಡಲೆ ಹಿಡಿದಿಟ್ಟಿದ್ದ ಅಡತಿಯವನು ಯಾರೋ, ಎಷ್ಟಕ್ಕೆ ಬಿಟ್ಟನೋ. ಮನೆಯಾಕೆ ಬಿಲ್ಲು ಕಸಿದುಕೊಂಡು ಚಹಾದ ದುಡ್ಡು ಕೊಡಲು ಎದ್ದಳು.