ಎರಡನೆಯ ಪಂಚರ ಸಹಿ

ನಮ್ಮ ಬೀದಿಯ ಮನೆಯೊಂದರಲ್ಲಿ ಕಳವಾಗಿದ್ದ ಒಡವೆಗಳನ್ನು ಬಚ್ಚಿಟ್ಟ ಜಾಗ ತೋರಿಸಲು ಆರೋಪಿ ಒಪ್ಪಿದ್ದಾನೆ, ತಾವು ಪಂಚರಾಗಿ, ಅಂದರೆ ಜಪ್ತಿಯನ್ನು ಕಣ್ಣಾರೆ ಕಂಡು ಸಹಿ ಹಾಕುವ ಸಾಕ್ಷಿಯಾಗಿ, ಬರಬೇಕು ಎಂದು ಪೊಲೀಸರು ಕರೆದಾಗ, ಪ್ರೌಢಶಾಲೆಗೆ ಅರ್ಧ ದಿನ ರಜೆ ಹಾಕಿ ಹೋದೆ. ಆರೋಪಿ ಹೇಳಿದ್ದನ್ನು ಠಾಣೆಯಲ್ಲಿ ನನ್ನೆದುರಿಗೇ ಬರೆದುಕೊಂಡರು. ಬಳಿಕ ಊರಾಚೆಯ ಅಡಿಕೆ ತೋಟದ ಪಾಳು ಪಂಪ್‌ಸೆಟ್ ಮನೆಯ ಗೋಡೆಯ ಸಂದಿಯಿಂದ ಅವನೇ ಬಟ್ಟೆಯ ಗಂಟೊಂದನ್ನು ತೆಗೆದುಕೊಟ್ಟ. ಅದರಲ್ಲಿ ಸರವೂ ಬಳೆಗಳೂ ಇದ್ದವು. ಅಲ್ಲಿಯೇ ಮಹಜರು, ಎಂದರೆ ನಡೆದದ್ದರ ದಾಖಲೆ, ಬರೆದು, ಗಂಟಿಗೆ ಅರಗಿನ ಮೊಹರು ಹಾಕಿ, ಓದಿ ಹೇಳಿದ ಮೇಲೆ ಸಹಿ ಮಾಡಿದೆ. ತನಿಖೆಯ ಬಗ್ಗೆ ನನಗಿದ್ದ ಅನುಮಾನಗಳೆಲ್ಲ ಆ ಮಧ್ಯಾಹ್ನ ಬಹುಮಟ್ಟಿಗೆ ಕರಗಿದ್ದವು.

ಒಂದು ಕೊರತೆ ಮಾತ್ರ ಇತ್ತು. ಇನ್ನೊಬ್ಬ ಪಂಚರಾಗಿದ್ದ, ಠಾಣೆಯ ಎದುರಿನ ಹೋಟೆಲಿನವರು ಗಿರಾಕಿಗಳನ್ನು ಬಿಟ್ಟು ತೋಟಕ್ಕೆ ಬರಲಿಲ್ಲ. ಸಂಜೆ ಅವರ ಸಹಿ ಪಡೆದರೆ ಆಯಿತೆಂದು ಪೊಲೀಸರೂ ಸುಮ್ಮನಾದರು.

ಸಮನ್ಸ್ ಬಂದದ್ದು ವರ್ಷಗಳ ನಂತರ. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು, ನಾನು ಸರ್ಕಾರಿ ನೌಕರನಾದ್ದರಿಂದ ಪೊಲೀಸರ ಮಾತಿನಂತೆ ಸುಳ್ಳು ನುಡಿಯುತ್ತಿದ್ದೇನೆ ಎಂದಾಗ ಸರಿಯಲ್ಲವೆಂದೆ. ಅನಂತರ ಅವರು ಸಲೀಸಾಗಿ, ‘ಎರಡನೆಯ ಪಂಚರು ತೋಟಕ್ಕೆ ಬಂದಿದ್ದರೇ?’ ಎಂದು ಕೇಳಿದರು. ಇಬ್ಬರ ಸಮಕ್ಷಮ ಜಪ್ತಿ ಆಯಿತೆಂದು ಮಹಜರಿನಲ್ಲಿತ್ತು. ಬಂದಿರಲಿಲ್ಲ ಎಂದೆ. ಸರ್ಕಾರಿ ಅಭಿಯೋಜಕರು ತಲೆಯೆತ್ತಿ ನನ್ನತ್ತ ನೋಡಿದರು. ಹೋಟೆಲಿನವರು ಕಟಕಟೆಗೆ ಬಂದು, ಠಾಣೆಯಲ್ಲಿ ಸಹಿ ಹಾಕಿದೆ, ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ ಎಂದುಬಿಟ್ಟರು. ಅವರನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದ ಪಕ್ಷಕ್ಕೇ ವಿರುದ್ಧವಾಗಿ ನುಡಿದವರು, ಎಂದು ಪರಿಗಣಿಸಲಾಯಿತು. ಸಂಶಯದ ಲಾಭ ಪಡೆದು ಆರೋಪಿ ಬಿಡುಗಡೆಯಾದ.

ದುಡ್ಡು ಓಡಾಡಿರಬೇಕು ಎಂಬುದು ನಮ್ಮ ಬೀದಿಯ ತೀರ್ಪಾಗಿತ್ತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒಂದು ಸಾಲು ಸುಳ್ಳಾದ ದಾಖಲೆಯ ಉಳಿದ ಸಾಲುಗಳನ್ನು ನಂಬಿ ಒಬ್ಬನನ್ನು ಜೈಲಿಗೆ ಕಳಿಸಲು ನ್ಯಾಯಾಧೀಶರು ಹಿಂಜರಿದರೆ ಅದು ಅವರ ಕರ್ತವ್ಯವೇ. ಆ ಉಳಿದ ಸಾಲುಗಳು ನಿಜವೆಂದು ಬಲ್ಲ ನನಗೆ ಅದು ನುಂಗಲು ಕಷ್ಟವಾಯಿತು, ಅಷ್ಟೆ. ಕರ್ನಾಟಕದ್ದೇ ಆದ ಸುಬ್ರಹ್ಮಣ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಇಂಥ ಮಹಜರಿನ ಕ್ರಮವನ್ನು ಬಿಡಿಸಿ ಹೇಳಿದೆ: ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಬೇಕು, ಆರೋಪಿಯ ಹೇಳಿಕೆ ಅವರೆದುರು ದಾಖಲಾಗಬೇಕು, ಆಮೇಲೆ ಅವರೊಂದಿಗೇ ಸ್ಥಳಕ್ಕೆ ಹೋಗಬೇಕು. ಕೊಲೆ ಆರೋಪದ ಆ ಪ್ರಕರಣವೂ ಬಿಡುಗಡೆಯಲ್ಲಿಯೇ ಮುಗಿಯಿತು.

ಅಪರಾಧಗಳ ತನಿಖೆ, ವಿಚಾರಣೆಗಳ ಕ್ರಮ ಹೇಳುವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಶೋಧನೆ, ಜಪ್ತಿಗಳನ್ನು, ಜಪ್ತಿಯಾದ ವಸ್ತುಗಳ ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದನ್ನೂ ಸೇರಿಸಿ, ವಿಡಿಯೊ ಚಿತ್ರೀಕರಿಸಬೇಕು. ನಮ್ಮ ಪ್ರಕರಣದ ಕಾಲಕ್ಕೆ ಈ ನಿಯಮವಿದ್ದಿದ್ದರೆ ಸಂಜೆಯ ಸಹಿ ಸಾಧ್ಯವಾಗುತ್ತಿರಲಿಲ್ಲ ಎನಿಸುತ್ತದೆ. ಆದರೆ ಹೋಟೆಲಿನವರ ತಕರಾರಿಗೆ ವಿಡಿಯೊದಲ್ಲಿ ಉತ್ತರವಿಲ್ಲ. ತೀರ್ಪಿನ ನಂತರ ಸಿಕ್ಕಾಗ ಅವರು, ‘ಮೇಷ್ಟ್ರೇ, ನಿಮಗೆ ರಜೆ ಹಾಕಿದರೂ ಸಂಬಳ ಬರುತ್ತದೆ, ನನಗೆ ಒಲೆ ಆರಿದರೆ ಆ ದಿನದ ವ್ಯಾಪಾರವೇ ಹೋಯಿತು. ಠಾಣೆಯ ಎದುರೇ ಅಂಗಡಿ ಇಟ್ಟುಕೊಂಡು ಸಹಿ ಹಾಕುವುದಿಲ್ಲ ಎನ್ನಲಾಗುತ್ತದೆಯೇ?’ ಎಂದರು. ಸಾಕ್ಷಿಗಳ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ ಎಂದು ನಾನು ತಿಳಿಸಿದೆ. ಅದನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.