ಪದ ಮರೆತರೂ ನಿಲ್ಲದ ಹಾಡು

25 ಏಪ್ರಿಲ್ 2025, ಶುಕ್ರವಾರ

ಇವತ್ತು ಜಾಸ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಹುಟ್ಟಿದ ದಿನ. 1917ರಲ್ಲಿ ಅಮೆರಿಕದ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ ಹುಟ್ಟಿದವರು. ಬೆಳಗ್ಗೆ ಚಪಾತಿ ಹಿಟ್ಟು ಕಲಸುವಾಗಲೇ ಅವರ ಹಾಡು ಹಾಕಿಕೊಂಡೆ. ರಾತ್ರಿ ಪಾತ್ರೆ ತೊಳೆದಿಟ್ಟು ಬಂದು ಮತ್ತೆ ಹಾಕಿದ್ದೇನೆ.

ಈ ಸಲ ಕೇಳೋದಕ್ಕೆ ಇನ್ನೊಂದು ಕಾರಣವಿದೆ. ಮೊನ್ನೆ ನಮ್ಮ ಬಡಾವಣೆಯ ರಾಮೋತ್ಸವದಲ್ಲಿ ಹಾಡುವಾಗ ಚರಣದ ಮಧ್ಯೆ ಸಾಹಿತ್ಯ ಮರೆತೆ. ಬಾಯಿ ಕಟ್ಟಿದ ಹಾಗಾಯಿತು. ನಾನು ಪುಸ್ತಕ ತಿರುವುತ್ತಿದ್ದೆ, ತಾಳದ ಎರಡು ಆವರ್ತ ಬರೀ ಮೃದಂಗ ನುಡಿಯಿತು. ಯಾರೂ ಏನೂ ಅನ್ನಲಿಲ್ಲ. ಆದರೆ ಆ ಎರಡು ಆವರ್ತ ಇನ್ನೂ ಕಿವಿಯಲ್ಲಿದೆ.

ಅದಕ್ಕೇ ಇವತ್ತು ಬೇಕಂತಲೇ ಎಲಾ ಅವರ ಬರ್ಲಿನ್ ಸಂಗೀತ ಕಛೇರಿ ಕೇಳಿದೆ. 1960ರ ಫೆಬ್ರವರಿ 13ರಂದು ನಡೆದದ್ದು. ಪಕ್ಕವಾದ್ಯದಲ್ಲಿ ನಾಲ್ಕೇ ಜನ. ಪಿಯಾನೊ ಪಾಲ್ ಸ್ಮಿತ್, ಗಿಟಾರ್ ಜಿಮ್ ಹಾಲ್, ಬೇಸ್ ವಿಲ್ಫ್ರೆಡ್ ಮಿಡಲ್‌ಬ್ರುಕ್ಸ್, ಡ್ರಮ್ಸ್ ಗಸ್ ಜಾನ್ಸನ್. ಅಲ್ಲಿ ಎಲಾ 'ಮ್ಯಾಕ್ ದ ನೈಫ್' ಎತ್ತಿಕೊಳ್ಳುತ್ತಾರೆ. ಅದು ಬರ್ಲಿನ್ ನಗರದ್ದೇ ಹಾಡು. 1928ರಲ್ಲಿ ಬ್ರೆಕ್ಟ್ ನಾಟಕಕ್ಕೆ ಕುರ್ಟ್ ವೈಲ್ ಸಂಗೀತ ಕೊಟ್ಟದ್ದು. ಗಾಯಕರಾದ ಲೂಯಿ ಆರ್ಮ್‌ಸ್ಟ್ರಾಂಗ್, ಬಾಬಿ ಡ್ಯಾರಿನ್ ಇಬ್ಬರೂ ಅದನ್ನು ಇಂಗ್ಲಿಷಿನಲ್ಲಿ ಹಾಡಿ ಆಗಲೇ ಮನೆಮಾತು ಮಾಡಿದ್ದರು. ಶುರು ಮಾಡುವ ಮೊದಲೇ ಎಲಾ ಸಭೆಗೆ ಹೇಳುತ್ತಾರೆ, ಹೆಂಗಸರು ಇದನ್ನು ಹಾಡಿದ್ದು ಕೇಳಿಲ್ಲ, ಪದಗಳೆಲ್ಲ ನೆನಪಿದ್ದರೆ ಸಾಕು ಅಂತ.

ನೆನಪಿರುವುದಿಲ್ಲ! ಮೊದಲ ಕೆಲವು ಸುತ್ತು ಸರಿಯಾಗಿ ಬರುತ್ತದೆ. ಆಮೇಲೆ ಸಾಲು ಕೈಕೊಡುತ್ತದೆ. ಮುಂದೆ ಏನಿದೆಯೋ ಮರೆತೆ ಅನ್ನುವುದನ್ನೇ ಅವರು ಹಾಡುತ್ತಾರೆ. ಇದನ್ನು ಡ್ಯಾರಿನ್ ಹಾಡಿದ್ದಾರೆ, ಆರ್ಮ್‌ಸ್ಟ್ರಾಂಗ್ ಹಾಡಿದ್ದಾರೆ, ಈಗ ನಾವು ಕೆಡಿಸುತ್ತಿದ್ದೇವೆ ಅಂತ ಅಲ್ಲೇ ಪದ ಕಟ್ಟುತ್ತಾರೆ. ಕಟ್ಟಿದ್ದಕ್ಕೆ ಪ್ರಾಸವೂ ಇದೆ. ಮಧ್ಯೆ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯಲ್ಲೂ ಹಾಡುತ್ತಾರೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಆಶ್ಚರ್ಯ ಬೇರೆ. ಆ ಹಾಡಿನಲ್ಲಿ ಸುತ್ತು ಬದಲಾದ ಹಾಗೆ ಶ್ರುತಿ ಅರ್ಧರ್ಧ ಸ್ವರ ಮೇಲೇರುತ್ತಾ ಹೋಗುತ್ತದೆ. ಸಂಜೆಯೆಲ್ಲಾ ಒಂದೇ ಶ್ರುತಿಯಲ್ಲಿ ಕೂತು ಹಾಡುವ ನಮಗೆ ಅದೇ ಒಂದು ಪರೀಕ್ಷೆ. ಪದ ಹೋಗಿದೆ, ಕಾಲಡಿಯ ಷಡ್ಜ ಜರುಗುತ್ತಿದೆ, ಆದರೂ ಲಯ ಒಂದು ಕೂದಲಷ್ಟೂ ಅಲುಗುವುದಿಲ್ಲ. ನಾಲ್ವರಲ್ಲಿ ಯಾರೂ ಅವರಿಗಾಗಿ ಕಾಯಬೇಕಾಗಿ ಬರಲಿಲ್ಲ. ಆ ಹಾಡಿಗೂ ಆ ಆಲ್ಬಮ್ಮಿಗೂ ಗ್ರ್ಯಾಮಿ ಪ್ರಶಸ್ತಿ ಬಂತು.

ಸಾಹಿತ್ಯದ ಬಗ್ಗೆ ಅಸಡ್ಡೆ ಇದ್ದವರಲ್ಲ ಅವರು. 1956ರಿಂದ 1964ರವರೆಗೆ, ನಾರ್ಮನ್ ಗ್ರಾಂಜ್ ಕಟ್ಟಿದ ವರ್ವ್ ಎಂಬ ರೆಕಾರ್ಡ್ ಕಂಪನಿಗೆ, ಒಬ್ಬೊಬ್ಬ ರಚನಕಾರರನ್ನು ಹಿಡಿದು 'ಸಾಂಗ್ ಬುಕ್' ಸರಣಿ ಮಾಡಿದರು. ಮೊದಲನೆಯದು ಕೋಲ್ ಪೋರ್ಟರ್ ಹಾಡುಗಳದ್ದು. ಅದರಲ್ಲಿನ 'ಎವ್ರಿ ಟೈಮ್ ವಿ ಸೇ ಗುಡ್‌ಬೈ' ನನಗೆ ಪ್ರಾಣ. ಮೇಜರ್, ಮೈನರ್ ಅಂದರೆ ಪಾಶ್ಚಾತ್ಯ ಸಂಗೀತದ ಎರಡು ಬಗೆಯ ಸ್ವರಶ್ರೇಣಿ; ಮೇಜರ್‌ನಿಂದ ಮೈನರ್‌ಗೆ ಹೊರಳುವ ಬಗ್ಗೆ ಅದರಲ್ಲಿ ಒಂದು ಮಾತು ಬರುತ್ತದೆ. ಸರಿಯಾಗಿ ಅಲ್ಲೇ ಸಂಗೀತವೂ ಮೇಜರ್‌ನಿಂದ ಮೈನರ್‌ಗೆ ಹೊರಳುತ್ತದೆ. ಮುತ್ತುಸ್ವಾಮಿ ದೀಕ್ಷಿತರು ರಾಗದ ಹೆಸರನ್ನು ಸಾಹಿತ್ಯದೊಳಗೆ ಕೂರಿಸುತ್ತಾರಲ್ಲ, ಹಾಗೆ. ಬೇರೆ ಯಾರಾದರೂ ಆಗಿದ್ದರೆ ಆ ಜಾಗದಲ್ಲಿ ದನಿ ನಡುಗಿಸುತ್ತಿದ್ದರೇನೋ. ಎಲಾ ಸುಮ್ನೆ ಪದ ಹೇಳಿ ಮುಂದೆ ಹೋಗುತ್ತಾರೆ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳುತ್ತದೆ.

ಅದೇ ಬರ್ಲಿನ್ ಕಛೇರಿಯಲ್ಲಿ 'ಹೌ ಹೈ ದ ಮೂನ್' ಕೂಡ ಇದೆ. ಅದರಲ್ಲಿ ಬಹುಪಾಲು ಪದಗಳೇ ಇಲ್ಲ, ಬರೀ ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ಅಲ್ಲೇ ಕಟ್ಟಿ ಹಾಡೋದು. ನಮ್ಮ ಕಲ್ಪನಾಸ್ವರದ ಹಾಗೆ ಅನ್ನಬಹುದು, ಆದರೆ ಸರಿಗಮ ಅನ್ನುವ ಆಸರೆಯೂ ಇಲ್ಲ. 1940ರ ದಶಕದಲ್ಲಿ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ ತಂಡದ ಜೊತೆ ಊರೂರು ಸುತ್ತುವಾಗ ಟ್ರಂಪೆಟ್, ಸ್ಯಾಕ್ಸೊಫೋನ್ ನುಡಿಸಿದ್ದನ್ನೇ ಗಂಟಲಲ್ಲಿ ತರಲು ಹೋಗಿ ಕಲಿತದ್ದು ಅದು. ಏಳು ನಿಮಿಷ ಹಾಗೇ ಓಡುತ್ತದೆ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಕೆಲಸ ಬಿಟ್ಟು ಕೂತೆ.

ಇಂಥವರು ಹಾಡೋದಕ್ಕೆ ಬಂದವರೇ ಅಲ್ಲ. 1934ರ ನವೆಂಬರಿನಲ್ಲಿ ನ್ಯೂಯಾರ್ಕ್‌ನ ಅಪೋಲೋ ಥಿಯೇಟರಿನ ಸ್ಪರ್ಧೆಗೆ ಹೆಸರು ಕೊಟ್ಟದ್ದು ಕುಣಿಯಲು. ಆಗ ಹದಿನೇಳು ವರ್ಷ. ತಾಯಿ ತೀರಿಹೋಗಿದ್ದರು, ನಿಲ್ಲಲು ಒಂದು ನೆಲೆ ಇರಲಿಲ್ಲ. ಅವರಿಗಿಂತ ಮುಂಚೆ ಕುಣಿದ ಎಡ್ವರ್ಡ್ಸ್ ಸಹೋದರಿಯರನ್ನು ನೋಡಿ ಕಾಲೇ ಏಳಲಿಲ್ಲವಂತೆ. ವೇದಿಕೆಯ ಮೇಲೆ ಬಂದಾಗಿದೆ, ಏನಾದರೂ ಮಾಡಲೇಬೇಕಲ್ಲ, ಹಾಡಿದರು. ಗೆದ್ದರು. ಅದನ್ನು ಇವತ್ತು ಮತ್ತೆ ನೆನೆದಾಗ ಕಣ್ಣು ತುಂಬಿತು.

ಊಟ ಆದ ಮೇಲೆ ಶ್ರುತಿಪೆಟ್ಟಿಗೆ ಹಾಕಿ, ಪುಸ್ತಕ ಮುಚ್ಚಿ, ಅದೇ ಚರಣ ಹಾಡಿದೆ. ಮತ್ತೆ ಅದೇ ಜಾಗದಲ್ಲಿ ಸಾಹಿತ್ಯ ಹೋಯಿತು. ಈ ಸಲ ತಾಳದ ಕೈ ನಿಲ್ಲಿಸಲಿಲ್ಲ. ಪದವಿಲ್ಲದೆ ಬರೀ ಅಕಾರದಲ್ಲಿ ಆವರ್ತ ಮುಗಿಸಿದೆ. ಮೂರನೆಯ ಸಲ ಸಾಲು ತಾನಾಗಿ ಬಂತು.

ಮಗಳು ಬಂದು, "ಅಮ್ಮಾ, ಅದೇ ಆ ಗೊಗ್ಗರು ದನಿ ಬರುತ್ತಲ್ಲ, ಅದನ್ನ ಹಾಕು" ಅಂದಳು. ಹಾಕಿದೆ. ಅವಳು ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ ಹಾಕುತ್ತಿದ್ದಳು. ಜಾಸ್ ತಾಳದ ಪೆಟ್ಟು ಬೀಳೋದು ಅಲ್ಲೇ. ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.