ಬೆಸುಗೆ ಗಟ್ಟಿಯಾಗಿತ್ತು, ಟಿಪ್ಪು ಸೀಳಿತ್ತು

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ನನ್ನ ಕೆಲಸ. ಲೇತಿನಲ್ಲಿ ಲೋಹ ಕತ್ತರಿಸುವ ಉಕ್ಕಿನ ಟೂಲಿನ ತುದಿಗೆ ಕಾರ್ಬೈಡ್ ಟಿಪ್ಪು, ಅಂದರೆ ಕತ್ತರಿಸುವ ಗಟ್ಟಿ ತುಣುಕು ಕೂರಿಸಿ, ಬೆಳ್ಳಿ ಬೆರೆತ ಕಡ್ಡಿ ಕರಗಿಸಿ ಬೆಸುಗೆ ಹಾಕುತ್ತೇನೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಅಂಗಡಿಯವರೇ ನಮ್ಮ ಗಿರಾಕಿಗಳು.

ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆ. ನಾನು ಬೆಸೆದುಕೊಟ್ಟ 40 ಟೂಲುಗಳಲ್ಲಿ 13 ವಾಪಸ್ ಬಂದವು. ನಾನು ಬೆಸುಗೆ ಕಡ್ಡಿಯ ಮೇಲೆ ತಪ್ಪು ಹಾಕಿದೆ. ಬೆಳ್ಳಿ ಕಡಿಮೆ ಇರಬೇಕು, ಬೇರೆ ಕಡೆ ತರಿಸೋಣ ಅಂದೆ. ಉಸ್ತಾದರು ಒಂದು ಟೂಲನ್ನು ಕೈಗೆ ಕೊಟ್ಟರು.

"ತಮ್ಮಾ, ಮದಲ ಎಲ್ಲಿ ಮುರದದ ನೋಡು. ಆಮ್ಯಾಲ ಕಡ್ಡಿಗಿ ಬೈ."

ನೋಡಿದೆ. ಬೆಸುಗೆ ಹಾಗೇ ಇತ್ತು. ಸೀಳಿದ್ದು ಟಿಪ್ಪು. ಅದೂ ಮೇಲ್ಮೈಯಿಂದ ಕೆಳಕ್ಕೆ, ಕೂದಲೆಳೆಯಷ್ಟು ತೆಳ್ಳಗೆ. ಹಸಿರು ಸಾಣೆಕಲ್ಲಿಗೆ ಹಿಡಿದು ಸಾಣೆ ಮಾಡಿದ ಮೇಲೆ ಬಿರುಕು ಇನ್ನೂ ಸ್ಪಷ್ಟವಾಯಿತು.

ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಕಣಗಳನ್ನು ಕೋಬಾಲ್ಟ್ ಹಿಡಿದಿಟ್ಟ ವಸ್ತು. ಅರ್ಧ ಸೆರಾಮಿಕ್, ಅಂದರೆ ಪಿಂಗಾಣಿಯಂಥದ್ದು ಎನ್ನಬಹುದು. ಬಿಸಿ ಮಾಡಿದಾಗ ಉಕ್ಕು ಹಿಗ್ಗುವುದರ ಅರ್ಧದಷ್ಟೇ ಇದು ಹಿಗ್ಗುತ್ತದೆ. ಬೆಸುಗೆ ಗಟ್ಟಿಯಾಗುವುದು ಸುಮಾರು 700 ಡಿಗ್ರಿಯಲ್ಲಿ. ಅಲ್ಲಿಂದ ಆರುತ್ತಾ ಬಂದಾಗ, 25 ಮಿಮೀ ಉದ್ದದ ಟಿಪ್ಪಿನ ಕೆಳಗಿರುವ ಉಕ್ಕು ಟಿಪ್ಪಿಗಿಂತ ಸುಮಾರು 0.1 ಮಿಮೀ ಜಾಸ್ತಿ ಕುಗ್ಗಬೇಕು. ಆದರೆ ಎರಡೂ ಅಂಟಿಕೊಂಡಿವೆ ಅಲ್ವಾ? ಉಕ್ಕು ಟಿಪ್ಪಿನ ತಳವನ್ನು ಒಳಕ್ಕೆ ಎಳೆಯುತ್ತದೆ, ಟಿಪ್ಪು ಬೆನ್ನು ಉಬ್ಬಿಸುತ್ತದೆ, ಮೇಲ್ಮೈ ಹಿಗ್ಗಲು ನೋಡುತ್ತದೆ. ಕಾರ್ಬೈಡ್ ಎಷ್ಟು ಅದುಮಿದರೂ ತಡೆದುಕೊಳ್ಳುತ್ತದೆ, ಎಳೆದರೆ ಸಹಿಸುವುದಿಲ್ಲ.

ಇದಕ್ಕೆ ನಾನು ಎರಡು ಕಡೆಯಿಂದ ಸಹಾಯ ಮಾಡುತ್ತಿದ್ದೆ! ಒಂದು, ನೀರಿನ ಬಕೆಟ್ಟು. ಟೂಲಿನ ಕೆಂಪು ಇಳಿದ ಕೂಡಲೇ ಚುಂಯ್ ಅಂತ ಅದ್ದುತ್ತಿದ್ದೆ. ಆ ಸೆಖೆಯಲ್ಲಿ ಬೆಂಕಿ ಉಗುಳುವ ಗ್ಯಾಸ್ ಟಾರ್ಚಿನ ಮುಂದೆ ನಿಂತವರಿಗೆ ನನ್ನ ಅವಸರ ಅರ್ಥವಾದೀತು. ಇನ್ನೊಂದು, ಬೆಸುಗೆ ಕರಗಿದ್ದಾಗ ಟಿಪ್ಪನ್ನು ಬಲವಾಗಿ ಒತ್ತಿ ಹೆಚ್ಚಿನದನ್ನೆಲ್ಲ ಹೊರಕ್ಕೆ ಹಿಂಡುತ್ತಿದ್ದೆ. ತೆಳುವಾದಷ್ಟೂ ಗಟ್ಟಿ ಅಂತ ಕಲಿತಿದ್ದೆ. ಉಕ್ಕಿಗೆ ಉಕ್ಕು ಬೆಸೆಯುವಾಗ ಆ ಮಾತು ಬಹುಮಟ್ಟಿಗೆ ಸರಿ. ಇಲ್ಲಿ ಮಾತ್ರ ಆ ಪದರವೇ ಮೆತ್ತೆ. ಉಕ್ಕು ಎಳೆದಾಗ ಅದು ಸ್ವಲ್ಪ ಜರುಗಿಕೊಡಬೇಕು. ಹಿಂಡಿ ತೆಗೆದರೆ ಜರುಗಲು ಏನಿರುತ್ತದೆ?

ಈಗ ದೊಡ್ಡ ಟಿಪ್ಪುಗಳಿಗೆ ಮೂರು ಪದರದ ಪಟ್ಟಿ ಹಾಕುತ್ತೇವೆ. ನಡುವೆ ತಾಮ್ರ, ಎರಡೂ ಬದಿಗೆ ಬೆಳ್ಳಿ ಬೆಸುಗೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಹಾಗಾಗಿ ಬೆಳ್ಳಿ ಕರಗಿದರೂ ತಾಮ್ರ ಹಾಳೆಯಾಗಿಯೇ ಉಳಿದು ಎಳೆತವನ್ನು ತಾನು ನುಂಗುತ್ತದೆ. ಟಿಪ್ಪನ್ನು ಮೂರೂ ಬದಿಗೆ ಬೆಸೆಯುವುದನ್ನೂ ಬಿಟ್ಟೆವು. ತಳಕ್ಕೆ ಮಾತ್ರ ಬೆಸುಗೆ, ಪಕ್ಕದಲ್ಲಿ ಸಣ್ಣ ಸಂದು. ಟಾರ್ಚ್ ಹಿಡಿಯುವುದು ಉಕ್ಕಿನ ಕೆಳಗೆ, ಟಿಪ್ಪಿನ ಮೇಲಲ್ಲ.

ಆಮೇಲೆ ಬೂದಿ. ನಮ್ಮ ಕಡೆ ತೊಗರಿ ಕಟ್ಟಿಗೆ ಬೂದಿಗೆ ಬರವಿಲ್ಲ. ಅದನ್ನು ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿದ್ದೇವೆ. ಬಿಸಿ ಟೂಲನ್ನು ಅದರೊಳಗೆ ಹೂತರೆ ತೆಗೆಯುವುದು ಕೈಯಲ್ಲಿ ಹಿಡಿಯುವಂತಾದಾಗಲೇ. ಬೂದಿ ಒಣಗಿರಬೇಕು. ಮಳೆಗಾಲದಲ್ಲಿ ತೇವ ಹಿಡಿದ ಬೂದಿಗೂ ಬಕೆಟ್ಟಿಗೂ ಜಾಸ್ತಿ ಫರಕಿಲ್ಲ.

ಮುಂದಿನ 40ರಲ್ಲಿ ಒಂದೇ ವಾಪಸ್ ಬಂತು. ಈ ಸಲ ಟಿಪ್ಪು ಸೀಳಿರಲಿಲ್ಲ, ಇಡಿಯಾಗಿ ಕಳಚಿ ಬಂದಿತ್ತು. ತಳದಲ್ಲಿ ಅರ್ಧ ಭಾಗಕ್ಕೆ ಬೆಳ್ಳಿಯೇ ಹಿಡಿದಿರಲಿಲ್ಲ. ಉಕ್ಕು ಕತ್ತರಿಸುವ ದರ್ಜೆಯ ಟಿಪ್ಪುಗಳಲ್ಲಿ ಟೈಟಾನಿಯಂ ಕಾರ್ಬೈಡ್ ಕೂಡ ಇರುತ್ತದೆ, ಅದಕ್ಕೆ ಬೆಸುಗೆ ಸುಲಭಕ್ಕೆ ಹರಡುವುದಿಲ್ಲ. ತಳವನ್ನು ಸಾಣೆ ಹಿಡಿದು, ಎಣ್ಣೆ ಜಿಡ್ಡು ತೆಗೆದು, ಬೋರಾನ್ ಇರುವ ಕಪ್ಪು ಫ್ಲಕ್ಸ್ (ಆಕ್ಸೈಡ್ ಪದರ ಕರಗಿಸಿ ಬೆಸುಗೆ ಹರಡುವಂತೆ ಮಾಡುವ ಲೇಪ) ಹಚ್ಚಬೇಕು. ನಿಕ್ಕಲ್, ಮ್ಯಾಂಗನೀಸ್ ಸೇರಿದ ಬೆಳ್ಳಿ ಕಡ್ಡಿ ಇಂಥದ್ದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಅಂತೂ ಕಡ್ಡಿ ಬದಲಾಯಿತು, ಆದರೆ ನಾನು ಹೇಳಿದ ಕಾರಣಕ್ಕಲ್ಲ. ಬೆಸುಗೆ ಕರಗಿದ ಮೇಲೆ ಟಿಪ್ಪನ್ನು ಮೆಲ್ಲಗೆ ಆಚೀಚೆ ಜರುಗಿಸಬೇಕು, ಒಳಗೆ ಸಿಕ್ಕಿಕೊಂಡ ಫ್ಲಕ್ಸ್ ಹೊರಗೆ ಬರುತ್ತದೆ. ಕ್ಯಾಡ್ಮಿಯಂ ಇರುವ ಕಡ್ಡಿ ಮಾತ್ರ ಅಗ್ಗವಾದರೂ ಬೇಡ, ಅದರ ಹೊಗೆ ವಿಷ.

ಈ ಧೈರ್ಯದಲ್ಲೇ ಇರಬೇಕು, ಒಬ್ಬರು ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕೊಳವೆ ತಂದು ಉಕ್ಕಿನ ಬಿಲ್ಲೆಗೆ ಬೆಸೆದುಕೊಡಿ ಅಂದಾಗ ಹೂಂ ಅಂದುಬಿಟ್ಟೆ. ಬೆಳ್ಳಿ ಕಾದ ಹಂಚಿನ ಮೇಲಿನ ನೀರಿನ ಹಾಗೆ ಗುಂಡಗಾಗಿ ಉರುಳಿತು. ಅಲ್ಯುಮಿನಾ ಪೂರಾ ಸೆರಾಮಿಕ್. ಅದಕ್ಕೆ ಮೊದಲು ಮಾಲಿಬ್ಡಿನಂ-ಮ್ಯಾಂಗನೀಸ್ ಲೇಪ ಸುಟ್ಟು, ಮೇಲೆ ನಿಕ್ಕಲ್ ಹತ್ತಿಸಬೇಕು. ಇಲ್ಲವೇ ಬೆಸುಗೆಯಲ್ಲೇ ಸ್ವಲ್ಪ ಟೈಟಾನಿಯಂ ಇದ್ದು, ನಿರ್ವಾತ ಕುಲುಮೆಯಲ್ಲಿ ಕಾಯಿಸಬೇಕು. ಟೈಟಾನಿಯಂ ಅಲ್ಯುಮಿನಾದ ಆಮ್ಲಜನಕದ ಜೊತೆ ಸೇರಿ ತೆಳು ಪದರ ಕಟ್ಟುತ್ತದೆ, ಹಿಡಿತ ಸಿಗುವುದು ಅದರಿಂದ. ತೆರೆದ ಗಾಳಿಯಲ್ಲಿ ಟಾರ್ಚ್ ಹಿಡಿದರೆ ಟೈಟಾನಿಯಂ ಗಾಳಿಯ ಆಮ್ಲಜನಕವನ್ನೇ ಹಿಡಿದು ಕೂರುತ್ತದೆ.

ಉಸ್ತಾದರು ಕೊಳವೆಗೆ ಒಂದು ಕ್ಲ್ಯಾಂಪ್ ಮಾಡಿಕೊಟ್ಟು ಕಳಿಸಿದರು. ದುಡ್ಡು ತಗೊಳ್ಳಲಿಲ್ಲ. ನನ್ನಿಂದ ಹಾಳಾದ ಬೆಳ್ಳಿಯ ತೂಕವನ್ನು ಮಾತ್ರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಇನ್ನೂ ಅಳಿಸಿಲ್ಲ.